ಹುಂಜ ಕೊಟ್ಟ ಕುರ್ಚಿ

ಬಾಕೊಲೋದ್ ಊರಿನ ಕಾರ್ಡ್ ರೂಮಿನಲ್ಲಿ ರೊವೆನಾ ವರ್ಷಗಟ್ಟಲೆ ಎಲೆ ಹಂಚಿದವಳು. ಕೈ ಚುರುಕು, ಬಾಯಿ ಬಿಗಿ. ಒಂದು ದಿನ ಸೋತು ಕೆರಳಿದ ಬಾಸ್ ದೋರೊ ಎಲೆಗಳನ್ನು ಅವಳ ಮುಖಕ್ಕೇ ಎಸೆದ. "ಎದ್ದೇಳೇ! ನಿನ್ನ ಕೈಯೇ ದರಿದ್ರ!" ಎಂದು ಅರಚಿದ. ದೋರೊ ಕಾಳಗದ ಹುಂಜ ಸಾಕುವ ಕುಳ, ರೂಮಿಗೆ ದೊಡ್ಡ ಗಿರಾಕಿ; ಅದಕ್ಕೇ ಎಲ್ಲರಿಗೂ 'ಬಾಸ್'. ಮ್ಯಾನೇಜರ್ ಅವನ ಬೆನ್ನು ಸವರಿ, ಅವಳನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದ. ಅಂದಿನಿಂದ ಅವಳು ಹಲ್ಲು ಮಸೆಯುತ್ತಲೇ ಇದ್ದಳು, ಮಸೆಯಬೇಕಾದ್ದೇ.

ಅದೇ ರೂಮಿನಲ್ಲಿ ದೊಡ್ಡ ಟೂರ್ನಮೆಂಟ್ ಬಂತು. ಪ್ರವೇಶಶುಲ್ಕ ಅವಳ ಕೈಗೆಟುಕುವಂಥದ್ದಲ್ಲ. ಆದರೆ ಭಾನುವಾರ ಮಧ್ಯಾಹ್ನ ಫೋನಿನಲ್ಲಿ ಆಡುವ ಸ್ಯಾಟಲೈಟ್ ಆಟ ಇತ್ತು. ಅಲ್ಲಿ ಗೆದ್ದವರಿಗೆ ಸಿಗುವುದು ಹಣವಲ್ಲ, ದೊಡ್ಡ ಆಟದಲ್ಲೊಂದು ಕುರ್ಚಿ. ಆಡುವವರ ಪಟ್ಟಿಯಲ್ಲಿ 'ಕೆಂಪು ಹುಂಜ' ಎಂಬ ಹೆಸರು ಕಂಡದ್ದೇ ರೊವೆನಾಳ ಮೈ ಉರಿಯಿತು. ಅದು ದೋರೊನ ಮೆಚ್ಚಿನ ಹುಂಜದ ಹೆಸರೆಂದು ಊರಿಗೆಲ್ಲ ಗೊತ್ತು.

ಅವಳು ಕೂತ ಕೂಡಲೇ ಒಂದು ರೀಬೈ, ಅಂದರೆ ಇನ್ನೊಮ್ಮೆ ಶುಲ್ಕ ಕಟ್ಟಿ, ಬಿಲ್ಲೆಗಳ ರಾಶಿ ದುಪ್ಪಟ್ಟು ಮಾಡಿಕೊಂಡಳು. ಆಮೇಲೆ ಪರ್ಸ್ ಮುಟ್ಟಲಿಲ್ಲ.

"ಅವನು ಸೋತು ಸೋತು ಮತ್ತೆ ಬರ್ತಾನಲ್ಲೇ!" ಎಂದಳು ಬಾಳೆಹಣ್ಣು ಕರಿಯುತ್ತಿದ್ದ ಪಾಚಿಂಗ್ ಅತ್ತೆ.

"ಬರ್ಲಿ ಅತ್ತೆ. ಮೊದಲ ಗಂಟೇಲಿ ಎಷ್ಟು ಸಲ ಬೇಕಾದ್ರೂ ದುಡ್ಡು ಕಟ್ಟಿ ವಾಪಸ್ ಬರಬಹುದು. ಆ ದುಡ್ಡೆಲ್ಲ ಸೇರಿ ಕುರ್ಚಿ ಹೆಚ್ಚಾಗುತ್ತೆ. ನನ್ನ ಕುರ್ಚಿ ಅವನೇ ಮಾಡಿಸ್ಲಿ."

ಹಾಗೆಂದು ಚಾಟ್‌ನಲ್ಲಿ ಬರೆದಳು: "ಹುಂಜ ಸುಸ್ತಾಯ್ತಾ?"

ದೋರೊ ಹಣ ಕಟ್ಟಿ ಮತ್ತೆ ಬಂದ. ಸೋತ, ಮತ್ತೆ ಕಟ್ಟಿದ. ಒಂದು ಕುರ್ಚಿಯನ್ನು ನೇರವಾಗಿ ಕೊಳ್ಳಬಹುದಾಗಿದ್ದಕ್ಕಿಂತ ಹೆಚ್ಚು ಸುರಿದ, ಮೂರ್ಖ. ಮೂರಿದ್ದ ಕುರ್ಚಿಗಳು ನಾಲ್ಕಾದವು. ರೀಬೈ ಮುಗಿಯುವ ಹೊತ್ತಿಗೆ ಅದೃಷ್ಟ ತಿರುಗಿ ಅವನ ಮುಂದೆ ರಾಶಿ ಬೆಳೆಯಿತು.

ಕೊನೆಗೆ ಉಳಿದವರು ಐವರು. ಎಲ್ಲರಿಗಿಂತ ದೊಡ್ಡ ರಾಶಿ ದೋರೊನದು, ನಂತರದ್ದು ರೊವೆನಾಳದು. ಇನ್ನೊಬ್ಬ ಉದುರಿದರೆ ಉಳಿದ ನಾಲ್ವರಿಗೂ ಒಂದೇ ಬಗೆಯ ಕುರ್ಚಿ. ದೋರೊ ಕೈಕಟ್ಟಿ ಕೂತಿದ್ದರೂ ಸಾಕಿತ್ತು. ಅವನು ಪೂರ್ತಿ ರಾಶಿಯನ್ನು ಮುಂದೆ ತಳ್ಳಿದ. ರೊವೆನಾಳ ಕೈಯಲ್ಲಿ ಎರಡು ಎಕ್ಕಗಳು, ಅದಕ್ಕಿಂತ ಮೇಲಿನ ಜೋಡಿಯೇ ಇಲ್ಲ!

"ಹೊಡಿಯೇ ಅವನ್ನ!" ಅತ್ತೆ ಸೌಟು ಎತ್ತಿದಳು.

ಹೊಡೆಯುವ ಆಸೆ ರೊವೆನಾಳಿಗೂ ಇತ್ತು. ಆದರೆ ಎಡವಿದರೆ ಕುರ್ಚಿಯೇ ಹೋಯಿತು. ಎರಡೂ ಎಕ್ಕಗಳನ್ನು ಎಲ್ಲರಿಗೂ ಕಾಣುವಂತೆ ತೋರಿಸಿ ಮಡಚಿ, ಆ ಸುತ್ತನ್ನು ಬಿಟ್ಟುಕೊಟ್ಟಳು.

"ಥೂ, ಹೇಡಿ! ಕಣದಲ್ಲಿ ಬೆನ್ನು ತೋರಿಸಿದ ಹುಂಜ ಸಾರಿಗೇ ಸರಿ," ಎಂದು ದೋರೊ ಬರೆದ.

"ನಾನು ಬೆನ್ನು ತೋರಿಸ್ದೆ ಬಾಸ್. ನಿಮಗೂ ಭಯ ಆಗ್ತಿದ್ರೆ ನೀವೂ ತೋರ್ಸಿ."

ಕೋಳಿಕಣದಲ್ಲೇ ಬೆಳೆದವನಿಗೆ ಅಷ್ಟು ಸಾಕಾಯಿತು. ಬೆನ್ನು ತಿರುಗಿಸಿದವರೇ ಗೆಲ್ಲುವ ಆಟವೊಂದಿದೆ ಎಂಬುದು ಅವನ ತಲೆಗೆ ಹೋಗಲೇ ಇಲ್ಲ. ಮರುಸುತ್ತಿನಲ್ಲಿ ಎಲೆ ನೋಡದೆಯೇ ಎಲ್ಲವನ್ನೂ ತಳ್ಳಿ, ಪಕ್ಕದವನ ರಾಶಿಗೆ ಸಮವಾಗಿ ತೆತ್ತು, ತನ್ನದರ ಬಹುಪಾಲು ಕಳೆದುಕೊಂಡ. ಸಿಟ್ಟಿನಲ್ಲಿ ಉಳಿದದ್ದನ್ನೂ ತಳ್ಳಿದ. ಅದೂ ಹೋಯಿತು.

"ಏಯ್, ರೀಬೈ ಬಟನ್ ಎಲ್ಲಿ?" ಚಾಟ್‌ನಲ್ಲಿ ಅವನ ಕೂಗು.

ರೊವೆನಾ ಒಂದೊಂದೇ ಅಕ್ಷರ ಸವಿಯುತ್ತಾ ಬರೆದಳು: "ಎದ್ದೇಳಿ ಬಾಸ್. ನಿಮ್ಮ ಕೈಯೇ ದರಿದ್ರ. ಕುರ್ಚಿ ಮಾಡಿಸಿಕೊಟ್ಟಿದ್ದಕ್ಕೆ ಥ್ಯಾಂಕ್ಸ್. ಇಂತಿ, ಎಲೆ ಹಂಚ್ತಿದ್ದ ರೊವೆನಾ."

'ಕೆಂಪು ಹುಂಜ' ಪಟ್ಟಿಯಿಂದ ಹಾರಿಹೋಯಿತು.

ಅತ್ತೆ ಬಿಸಿ ಬಾಳೆಹಣ್ಣನ್ನು ತಟ್ಟೆಗೆ ಹಾಕುತ್ತಾ ಕೇಳಿದಳು, "ಈಗಲಾದ್ರೂ ಹೊಟ್ಟೆ ತಣ್ಣಗಾಯ್ತೇನೇ?"

"ಎಲ್ಲಿ ಅತ್ತೆ? ಆ ಮ್ಯಾನೇಜರ್ ಬಾಗಿ ನನಗೆ ಕುರ್ಚಿ ಎಳೆದುಕೊಡೋದು ಇನ್ನೂ ಬಾಕಿ ಇದೆ."