ಮಾಸ್ತರರು ಹುಟ್ಟಿಸಿದ ತಾರೀಖು

ಕಮಲಾಪುರದಲ್ಲಿ ಜೂನ್ ಒಂದರಂದು ಯಾರಿಗೂ ಹುಟ್ಟುಹಬ್ಬದ ಶುಭಾಶಯ ಹೇಳುವ ಪದ್ಧತಿಯಿಲ್ಲ. ಹೇಳಲು ಹೊರಟರೆ ಮಧ್ಯಾಹ್ನದ ತನಕ ಹೇಳುತ್ತಲೇ ಇರಬೇಕಾಗುತ್ತದೆ. ಬಸ್ಸಿನ ಕಂಡಕ್ಟರ್, ಚಹಾದಂಗಡಿಯವ, ಬಾಳೆತೋಟದ ಮಾಲೀಕ, ಆ ತೋಟದ ಕೂಲಿಯಾಳುಗಳು, ಎಲ್ಲರೂ ಕಾಗದದ ಮೇಲೆ ಅದೇ ದಿನ ಹುಟ್ಟಿದವರು. ಹುಟ್ಟಿಸಿದವರು ದೇವೀಂದ್ರಪ್ಪ ಮಾಸ್ತರರು. ಮೂವತ್ತಾರು ವರ್ಷ ಊರಿನ ಒಂದು ಸಣ್ಣ ಶಾಲೆಯಲ್ಲಿ ಒಂದನೇ ಇಯತ್ತೆಗೆ ಮಕ್ಕಳನ್ನು ಸೇರಿಸಿಕೊಂಡ ಅವರು, ತಂದೆತಾಯಿಗೆ ತಾರೀಖು ನೆನಪಿಲ್ಲದಾಗಲೆಲ್ಲ ಜೂನ್ ಒಂದು ಎಂದು ಬರೆದರು. ನೆನಪಿದ್ದಾಗಲೂ ಎಷ್ಟೋ ಸಲ ಹಾಗೆಯೇ ಬರೆದರು. ಶಾಲೆ ಶುರುವಾಗುವ ದಿನ, ವಯಸ್ಸು ಎಣಿಸಲು ಸಲೀಸು.

ಕೂಲಿ ಮಾಡುವ ಸಾವಿತ್ರಿಬಾಯಿಯ ಮಗಳು ಪಂಚಶೀಲಾ ಶಾಲೆಯ ದಾಖಲೆಯಲ್ಲಿ ಹುಟ್ಟಿದ್ದು ೨೦೦೭ರ ಜೂನ್ ಒಂದಕ್ಕೆ. ಸರ್ಕಾರಿ ಆಸ್ಪತ್ರೆಯಲ್ಲಿ ಹುಟ್ಟಿದ್ದು ೨೦೦೮ರ ಮಾರ್ಚ್ ಹನ್ನೊಂದಕ್ಕೆ. ನಡುವೆ ಒಂಬತ್ತು ತಿಂಗಳು ಹತ್ತು ದಿನ. ಅಂದರೆ ಮಾಸ್ತರರ ಲೆಕ್ಕದಲ್ಲಿ ಕೂಸು ಹುಟ್ಟಿದ ದಿನ, ದೇವರ ಲೆಕ್ಕದಲ್ಲಿ ಅದು ತಾಯಿಯ ಹೊಟ್ಟೆಗೆ ಬರಲು ಹೊರಟಿತ್ತು, ಅಷ್ಟೆ. ಹದಿನೇಳು ವರ್ಷ ಈ ವ್ಯತ್ಯಾಸದಿಂದ ಯಾರಿಗೂ ತೊಂದರೆಯಾಗಲಿಲ್ಲ. ತೊಂದರೆಯಾದದ್ದು ಆ ಹುಡುಗಿ ಚೆನ್ನಾಗಿ ಒದೆಯಲು ಕಲಿತ ಮೇಲೆ.

ಅವಳು ಒಂಬತ್ತನೇ ಇಯತ್ತೆಯಲ್ಲಿದ್ದಾಗ ಆ ಇಯತ್ತೆಯ ಹುಡುಗಿಯರಿಗೆ ಮೂರು ತಿಂಗಳ ಆತ್ಮರಕ್ಷಣೆ ತರಬೇತಿ ಬಂತು. ಕಲಿಸಲು ಬಂದವನು ಕಲಬುರಗಿಯ ನೋಮಾನ್, ಹಗಲು ಸ್ಟೇಶನ್ ಬಜಾರಿನಲ್ಲಿ ಮೊಬೈಲ್ ರಿಪೇರಿ, ಬೆಳಿಗ್ಗೆ ಟೇಕ್ವಾಂಡೋ. ಮೊದಲ ದಿನವೇ ಅವನು ಪ್ಯಾಡ್ ಹಿಡಿದು ನಿಂತು, "ಒದಿ ಬೇಟಾ, ಅಂಜಬ್ಯಾಡ" ಎಂದ. ಪಂಚಶೀಲಾ ಅಂಜಲಿಲ್ಲ. ನೋಮಾನ್ ಹಿಂದಕ್ಕೆ ಜೋಲಿ ಹೋಗಿ ಬಿಸಿಯೂಟದ ಖಾಲಿ ಪಾತ್ರೆಯೊಳಗೆ ಕುಳಿತ. ಎದ್ದವನೇ ಅವಳ ಹೆಸರು ಬರೆದುಕೊಂಡ.

ಅಂದಿನಿಂದ ಅವಳು ಬೆಳಗಿನ ಮೊದಲ ಬಸ್ಸಿಗೆ ಕಲಬುರಗಿಗೆ ಹೋಗತೊಡಗಿದಳು. ನೋಮಾನನ ಕ್ಲಾಸು ಸ್ಟೇಶನ್ ಬಜಾರಿನ ಒಂದು ಲಾಡ್ಜಿನ ಮಾಳಿಗೆಯ ಮೇಲೆ. ಅಲ್ಲಿ ಲಾಡ್ಜಿನ ಚಾದರಗಳು ಒಣಗುತ್ತಿದ್ದವು. ಹುಡುಗಿಯರು ಆ ಸಾಲುಗಳ ನಡುವೆಯೇ ಒದೆಯಬೇಕು. ಕಾಲು ಚಾದರದ ಅಂಚಿನವರೆಗೆ ಹೋಗಬೇಕು, ತಾಗಬಾರದು. ತಾಗಿದವರು ಅದನ್ನು ಒಗೆದು ಮತ್ತೆ ಹರವಬೇಕು. ಮೊದಲ ವರ್ಷ ಪಂಚಶೀಲಾ ಬಹಳ ಚಾದರ ಒಗೆದಳು. ಮೂರನೆಯ ವರ್ಷ ರಾಜ್ಯದ ಜೂನಿಯರ್ ಚಿನ್ನ ಗೆದ್ದಳು. ಕಮಲಾಪುರದಲ್ಲಿ ಫ್ಲೆಕ್ಸ್ ಎದ್ದಿತು: 'ಕರಾಟೆ ತಾರೆಗೆ ಅಭಿನಂದನೆ'. ಅದು ಕರಾಟೆಯಲ್ಲವೆಂದು ಅವಳು ಒಂದು ವಾರ ಹೇಳಿ ನೋಡಿ, ಆಮೇಲೆ ಊರಿನ ಪ್ರೀತಿ ದೊಡ್ಡದೆಂದು ಸುಮ್ಮನಾದಳು. ಸಾವಿತ್ರಿಬಾಯಿಗೆ ಮಾತ್ರ ಅದು ಮೊದಲಿನಿಂದಲೂ 'ಒದಿಯೋ ಸಾಲಿ', ಒದೆಯಲು ಕಲಿಸುವ ಶಾಲೆ.

ಮರುವರ್ಷವೂ ಅವಳೇ ಗೆದ್ದಳು. ಫೈನಲ್ಲಿನಲ್ಲಿ ಸೋತವಳು ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ಸೌಂದರ್ಯಾ. ಸೌಂದರ್ಯಾ ಸೋಲನ್ನು ಒಪ್ಪಿಕೊಂಡಳು, ಅವಳ ತಂದೆ ಸುನೀಲಕುಮಾರ ಒಪ್ಪಲಿಲ್ಲ. ಅವರ ವಿಸಿಟಿಂಗ್ ಕಾರ್ಡಿನಲ್ಲಿ ನಾಲ್ಕು ಸಂಘಗಳ ಪದವಿಗಳಿದ್ದವು. ಮಗಳ ಸೋಲಿಗೆ ಅದರಲ್ಲಿ ಜಾಗವಿರಲಿಲ್ಲ. ಅವರು ದೂರು ಕೊಟ್ಟರು: ಶಾಲೆಯ ದಾಖಲೆಯಂತೆ ಪಂಚಶೀಲಾಳಿಗೆ ಹದಿನೆಂಟಾಗಿದೆ, ಜೂನಿಯರ್ ದಾಟಿದ್ದಾಳೆ, ಜನನ ಪ್ರಮಾಣಪತ್ರವನ್ನು ಪಂದ್ಯಕ್ಕೆ ಮೂರು ತಿಂಗಳ ಮೊದಲಷ್ಟೇ ಮಾಡಿಸಿಕೊಂಡಿದ್ದಾಳೆ, ಅದು ಅನುಮಾನಾಸ್ಪದ. ರಾಜ್ಯದ ಟೇಕ್ವಾಂಡೋ ಸಂಘ ಪದಕವನ್ನು ತಡೆಹಿಡಿಯಿತು. ಸೋಮವಾರ ವಿಚಾರಣೆ. ಅಲ್ಲಿ ಸೋತರೆ ಚಿನ್ನ ಹೋಗುತ್ತದೆ, ರಾಷ್ಟ್ರೀಯ ಪಂದ್ಯದ ತಂಡದಿಂದ ಹೆಸರು ಹೋಗುತ್ತದೆ, ಮೇಲೆ 'ವಯಸ್ಸು ಕದ್ದವಳು' ಎಂಬ ಬಿರುದು.

ಶಾಲೆಯ ತಾರೀಖು ಸುಳ್ಳೆಂದು ಹೇಳಬಲ್ಲವರು ಜಗತ್ತಿನಲ್ಲಿ ಒಬ್ಬರೇ. ಶನಿವಾರ ಸಂಜೆ ತಾಯಿ ಮಗಳು ಒಂದು ಚಿಪ್ಪು ಕೆಂಪು ಬಾಳೆಹಣ್ಣು ಹಿಡಿದು ದೇವೀಂದ್ರಪ್ಪ ಮಾಸ್ತರರ ಮನೆಗೆ ಹೋದರು. ನಿವೃತ್ತರಾಗಿ ಆರು ವರ್ಷವಾದರೂ ಮಾಸ್ತರರ ಜೇಬಿನಲ್ಲಿ ಮೂರು ಪೆನ್ನಿದ್ದವು. ಗೋಡೆಯ ಮೇಲೆ 'ನಿಷ್ಕಳಂಕ ಸೇವೆ' ಎಂದು ಬರೆದ ಸನ್ಮಾನಪತ್ರ, ಕೆಳಗೆ ಬೀರು. ಆ ಬೀರುವಿನಲ್ಲಿ ಅವರು ಕೈಯಾರೆ ಬರೆದ ಪ್ರತಿಯೊಂದು ನೋಟ್‌ಬುಕ್ಕೂ ಇತ್ತು. ತಮ್ಮ ಅಕ್ಷರವನ್ನು ಮುಂದಿನ ತಲೆಮಾರು ನೋಡಲೇಬೇಕೆಂದು ಅವರ ನಂಬಿಕೆ.

"ಮಾಸ್ತರ್ರ, ಆ ತಾರೀಖು ನಾನೇ ಹಾಕೀನಿ ಅಂತ ಬಂದು ಒಂದ್ ಮಾತ್ ಹೇಳಿದ್ರ ಸಾಕ್ರಿ," ಎಂದಳು ಸಾವಿತ್ರಿಬಾಯಿ.

"ನೀ ಏನ್ ಕೇಳಾಕತ್ತೀ ಅಂತ ನಿನಗ ತಿಳದದೇನು? ಇವತ್ತ ನಾ ಒಂದು ತಾರೀಖು ಸುಳ್ಳಂದ್ರ, ನಾಳೆ ಕಂಡಕ್ಟರಂದು, ನಾಡಿದ್ದು ಮತ್ತೊಬ್ಬರದು. ಇಡೀ ಕಮಲಾಪುರದ ಅಡಿಪಾಯ ಅಲುಗಾಡ್ತದ!"

"ಅಲುಗಾಡ್ಲಿ ಬಿಡ್ರಿ," ಎಂದು ಒಳಗಿನಿಂದ ಅವರ ಹೆಂಡತಿ ಅಂಬಮ್ಮನ ದನಿ ಬಂತು. "ನೀವೇನ್ ಖರೆ ಜೂನ್ ಒಂದಕ್ಕ ಹುಟ್ಟೀರೇನು? ಶ್ರಾವಣದ ಜಿಟಿಜಿಟಿ ಮಳ್ಯಾಗ ಹಡದೀನಿ ಅಂತ ನಿಮ್ಮವ್ವ ಸಾಯೂತನ ಹೇಳ್ತಿದ್ಳು."

"ನಡುವ ಬಾಯಿ ಹಾಕು ಅಂತ ನಿನಗ ಯಾರ್ ಹೇಳ್ಯಾರ?"

"ಯಾರೂ ಹೇಳಿಲ್ಲ. ನಲವತ್ತ ವರ್ಷದಿಂದ ನಾನೇ ಹಾಕಾಕತ್ತೀನಿ."

ಮಾಸ್ತರರು ಸನ್ಮಾನಪತ್ರದ ಕಡೆ ನೋಡಿದರು. "ನೋಡೂಣು" ಎಂದರು. ಆ ಮಾತಿಗೆ ಇಲ್ಲ ಎಂದೇ ಅರ್ಥವೆಂದು ಅವರ ವಿದ್ಯಾರ್ಥಿಗಳಿಗೆಲ್ಲ ಗೊತ್ತು.

ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಪಂಚಶೀಲಾ ತಿರುಗಿ ನಿಂತಳು. "ಸರ, ನಾ ದೂರು ಹೇಳಾಕ ಬಂದಿಲ್ರಿ. ಅವತ್ತ ನೀವು ನನ್ನ ಒಳಗ ಕರಕೊಳ್ಳಿಲ್ಲಂದ್ರ ಅವ್ವ ನನ್ನ ಬಾಳಿ ಗಿಡದ ನೆರಳಾಗ ಮಲಗಿಸಿ ಕೂಲಿ ಮಾಡಬೇಕಿತ್ತು. ಒಂದು ವರ್ಷ ತಡ ಆಗಿದ್ರ ನೋಮಾನ್ ಸರ ಬಂದಾಗ ನಾ ಆ ಇಯತ್ತೆದಾಗ ಇರ್ತಿದ್ದಿಲ್ಲ. ಮುಂದಿನ ವರ್ಷ ಆ ಟ್ರೇನಿಂಗೇ ಬರ್ಲಿಲ್ರಿ. ಆ ಸುಳ್ಳಿನಿಂದನ ನಾ ಇಷ್ಟ್ ದೂರ ಬಂದೀನಿ."

ಮಾಸ್ತರರು ಜೇಬಿನ ಪೆನ್ನುಗಳನ್ನು ಸರಿಮಾಡಿಕೊಂಡರು.

ಸೋಮವಾರ ಹತ್ತು ಗಂಟೆಗೆ ಕಲಬುರಗಿಯಲ್ಲಿ ಕ್ರೀಡಾಂಗಣದ ಪಕ್ಕದ ಕೋಣೆಯಲ್ಲಿ ಮೂವರ ಸಮಿತಿ ಕುಳಿತಿತು. ಸುನೀಲಕುಮಾರರು ಮೂವರಿಗೂ ಕಾರ್ಡು ಹಂಚಿದರು; ಮೂವರ ಹತ್ತಿರವೂ ಅವು ಆಗಲೇ ಎರಡೆರಡು ಇದ್ದವು. ಹತ್ತೂವರೆಯಾಯಿತು, ಹನ್ನೊಂದಾಯಿತು. "ಫಿಕರ್ ಮಾಡಬ್ಯಾಡ ಬೇಟಾ" ಎಂದು ನೋಮಾನ್ ಆರನೆಯ ಸಲ ಹೇಳಿ, ತಾನೇ ಉಗುರು ಕಚ್ಚುತ್ತಿದ್ದ. ಪಂಚಶೀಲಾ ಕೈಕಟ್ಟಿ ಕುಳಿತಿದ್ದಳು. ಎದುರಾಳಿ ಕಾಲೆತ್ತಿದಾಗ ಏನು ಮಾಡಬೇಕೆಂದು ಅವಳಿಗೆ ಗೊತ್ತು. ಕುರ್ಚಿಯಲ್ಲಿ ಕುಳಿತು ಕಾಯುವುದನ್ನು ಯಾರೂ ಕಲಿಸಿರಲಿಲ್ಲ.

ಹನ್ನೊಂದೂಕಾಲಿಗೆ ಬಾಗಿಲು ತೆರೆಯಿತು. ಇಸ್ತ್ರಿ ಮಾಡಿದ ಅಂಗಿ, ಸನ್ಮಾನದ ಶಾಲು, ಮೂರು ಪೆನ್ನು, ಕಂಕುಳಲ್ಲಿ ಬಟ್ಟೆಯ ಚೀಲ.

ಮಾಸ್ತರರು ನಿಂತುಕೊಂಡೇ ತಮ್ಮ ಸೇವೆಯನ್ನು ಮೊದಲ ವರ್ಷದಿಂದ ವಿವರಿಸತೊಡಗಿದರು. ನಾಲ್ಕನೆಯ ವರ್ಷಕ್ಕೆ ಬರುವಷ್ಟರಲ್ಲಿ ಅಧ್ಯಕ್ಷರು, "ಮಾಸ್ತರ್ರೇ, ವಿಷಯಕ್ಕ ಬರ್ರಿ" ಎಂದರು. ಮಾಸ್ತರರು ಚೀಲದಿಂದ ಹಳೆಯ ನೋಟ್‌ಬುಕ್ ತೆಗೆದರು. ಅದು ಅವರು ವರ್ಷಕ್ಕೊಮ್ಮೆ ಮನೆಮನೆಗೆ ಹೋಗಿ ಬರೆದುಕೊಳ್ಳುತ್ತಿದ್ದ ಮಕ್ಕಳ ಗಣತಿ. ಪಂಚಶೀಲಾ ಎರಡು ವರ್ಷದ ಕೂಸಾಗಿದ್ದಾಗಿನ ಪುಟದಲ್ಲಿ ಮುತ್ತಿನಂಥ ಅಕ್ಷರದ ಒಂದು ಸಾಲಿತ್ತು: 'ಸಾವಿತ್ರಿಬಾಯಿಯ ಮಗಳು, ೨೦೦೮ರ ಹೋಳಿ ಹುಣ್ಣಿಮೆಗಿಂತ ಹತ್ತು ದಿನ ಮೊದಲು ಜನನ'.

"ಇದು ಖರೆ ತಾರೀಖು," ಎಂದರು. ದನಿ ಸ್ವಲ್ಪ ಇಳಿಯಿತು. "ಶಾಲೆದ್ದು ನಾ ಹಾಕಿದ್ದು. ಆ ವರ್ಷ ಒಂದನೇ ಇಯತ್ತೆಗೆ ಹತ್ತೊಂಬತ್ತ ಮಕ್ಕಳಿದ್ವು. ಇಪ್ಪತ್ತ ಆಗಲಿಲ್ಲಂದ್ರ ನಮ್ಮ ಇನ್ನೊಬ್ಬ ಮಾಸ್ತರನ್ನ ಬ್ಯಾರೆ ಊರಿಗಿ ಕಳಸ್ತಿದ್ರು. ಇಪ್ಪತ್ತನೇದು ಈ ಕೂಸು. ವಯಸ್ಸು ಸಾಲಲಿಲ್ಲ. ನಾ ಸಾಲಿಸಿದೆ. ತಪ್ಪು ನಂದು. ಆಕಿದಲ್ಲ."

"ಹಳೇ ನೋಟ್‌ಬುಕ್ ಯಾರ್ ಬೇಕಾದ್ರೂ ಬರೀಬಹುದ್ರಿ!" ಸುನೀಲಕುಮಾರರು ಮೇಜು ಕುಟ್ಟಿದರು. "ಶಾಲೆ ದಾಖಲೆ ಅಂದ್ರ ದಾಖಲೆ!"

ಮಾಸ್ತರರು ಕನ್ನಡಕದ ಮೇಲಿನಿಂದ ನೋಡಿದರು. ಖೂಬಾ ಪ್ಲಾಟಿಗೆ ಮನೆ ಮಾಡಿಕೊಂಡು ಹೋಗುವ ಮೊದಲು ಸುನೀಲಕುಮಾರರೂ ಕಮಲಾಪುರದವರೇ, ಇದೇ ಮಾಸ್ತರರ ಕೈಯಲ್ಲಿ ಕಲಿತವರು.

"ಸುನೀಲಾ, ಎದ್ದ ನಿಂದ್ರು."

ನಾಲ್ಕು ಸಂಘಗಳ ಪದಾಧಿಕಾರಿ ತಟ್ಟನೆ ಎದ್ದು ನಿಂತರು. ಕೈಗಳು ತಾವಾಗಿಯೇ ಕಟ್ಟಿಕೊಂಡವು.

"ನೀ ಹುಟ್ಟಿದ ತಾರೀಖು?"

"ಜೂನ್... ಒಂದು, ಸರ."

"ನಿಮ್ಮಪ್ಪ ಖಂಡೆಪ್ಪ ನನಗೇನ್ ಹೇಳಿದ್ದ? ದೀಪಾವಳಿಗಿ ಹುಟ್ಟಿದ ಕೂಸು, ಪಟಾಕಿ ಸಪ್ಪಳಕ್ಕ ಅಂಜಿ ಮೂರ್ ದಿನ ಅತ್ತಾದ ಅಂತ. ಆ ನೋಟ್‌ಬುಕ್ಕೂ ಚೀಲದಾಗ ಅದ. ತೋರಿಸ್ಲೇನು?"

"ಬ್ಯಾಡ್ರಿ ಸರ."

"ಕುಂದ್ರು."

ಕುಳಿತರು. ಅಧ್ಯಕ್ಷರು ನಗು ತಡೆಯಲು ಕಡತ ತಿರುವಿದರು. ಅದರಲ್ಲಿ ಸಮಿತಿಯೇ ತರಿಸಿದ ಆಸ್ಪತ್ರೆಯ ಹೆರಿಗೆ ಪುಸ್ತಕದ ನಕಲಿತ್ತು, ಮಾರ್ಚ್ ಹನ್ನೊಂದು. ಆ ವರ್ಷದ ಹೋಳಿ ಹುಣ್ಣಿಮೆ ಮಾರ್ಚ್ ಇಪ್ಪತ್ತೊಂದಕ್ಕೆ; ಹತ್ತು ದಿನ ಹಿಂದಕ್ಕೆ ಎಣಿಸಿದರೆ ಮಾಸ್ತರರ ಲೆಕ್ಕವೂ ಅಲ್ಲಿಗೇ ಬಂತು. ಚಿನ್ನ ಮರಳಿತು, ತಂಡದಲ್ಲಿ ಹೆಸರು ಉಳಿಯಿತು. ಮಾಸ್ತರರು ತಪ್ಪೊಪ್ಪಿಗೆಯನ್ನು ಮೂರು ಪುಟ ಬರೆದುಕೊಟ್ಟರು. ಮೊದಲ ಎರಡೂವರೆ ಪುಟ ಸೇವೆಯ ವಿವರ.

ಹೊರಗೆ ಬಂದಾಗ ಸೌಂದರ್ಯಾ ಕಟ್ಟೆಯ ಮೇಲೆ ಕುಳಿತಿದ್ದಳು. "ದೂರು ಬ್ಯಾಡ ಅಂತ ನಾ ಹೇಳಿದ್ದೆ, ಪಪ್ಪಾ ಕೇಳ್ಲಿಲ್ಲ," ಎಂದಳು. ಮತ್ತೆ, "ಮುಂದಿನ ಸಲ ಬಿಡಂಗಿಲ್ಲ ನೋಡು."

"ಬಾ," ಎಂದಳು ಪಂಚಶೀಲಾ. ಇಬ್ಬರೂ ನಕ್ಕರು.

ರಾಷ್ಟ್ರೀಯ ಪಂದ್ಯದಲ್ಲಿ ಪಂಚಶೀಲಾಳಿಗೆ ಕಂಚು ಬಂತು. ಕಮಲಾಪುರದಲ್ಲಿ ಮತ್ತೆ ಕರಾಟೆ ತಾರೆಯ ಫ್ಲೆಕ್ಸ್ ಎದ್ದಿತು. ಲಾಡ್ಜಿನವರು ಮಾಳಿಗೆಯ ಮೇಲೆ ಒಂದು ಹೊಸ ಚಾದರ ಕಟ್ಟಿ, ಇದನ್ನು ಒದ್ದರೂ ನಡೆಯುತ್ತದೆ ಎಂದರು. ಅವಳು ಒದೆಯಲಿಲ್ಲ, ಅಂಚಿನ ತನಕ ಕಾಲು ಒಯ್ದು ನಿಲ್ಲಿಸಿದಳು.

ಈ ವರ್ಷ ಜೂನ್ ಒಂದರ ಬೆಳಿಗ್ಗೆ ಕಮಲಾಪುರದ ಪದ್ಧತಿ ಮುರಿಯಿತು. ಪಂಚಶೀಲಾ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಹಿಡಿದು ಮಾಸ್ತರರ ಬಾಗಿಲಲ್ಲಿ ನಿಂತಿದ್ದಳು.

"ಸರ, ಹುಟ್ಟುಹಬ್ಬದ ಶುಭಾಶಯ್ರಿ."

ಗೋಡೆಯ ಮೇಲೆ ಸನ್ಮಾನಪತ್ರದ ಪಕ್ಕಕ್ಕೆ ಈಗ ಅವರ ತಪ್ಪೊಪ್ಪಿಗೆಯ ಜೆರಾಕ್ಸ್ ಪ್ರತಿಯೂ ತೂಗುತ್ತಿತ್ತು. ಅಕ್ಷರ ಅಷ್ಟು ಚಂದ ಬಂದಿತ್ತು.

"ಇವತ್ತ ನಂದಲ್ಲವ್ವ ಅದು," ಎಂದರು ಮಾಸ್ತರರು. "ಶ್ರಾವಣದಾಗ ಬಾ."

"ಹಣ್ಣು ಇಟ್ಟ ಹೋಗು," ಎಂದಳು ಒಳಗಿನಿಂದ ಅಂಬಮ್ಮ. "ಶ್ರಾವಣಕ್ಕ ಮತ್ತ ತಗೊಂಡು ಬಾ."