ಗಲ್ಲಾದ ಕಂಪ್ಯೂಟರಿನಲ್ಲಿ ಧಣಿಯ ಮುಖ

ಮುಂಬಯಿಯ ಸಯನ್ ಸ್ಟೇಷನ್ನಿಗೆ ಐದು ನಿಮಿಷದ ದೂರದಲ್ಲಿ ಒಂದು ಉಡುಪಿ ಹೋಟೆಲಿದೆ. ಅದರ ಗಲ್ಲಾದಲ್ಲಿ ಕೂರುವವನು ಧರ್ಮಣ್ಣ. ಹದಿನೆಂಟರ ಪ್ರಾಯದಲ್ಲಿ ಕಾರ್ಕಳದ ಕಡೆಯಿಂದ ಬಂದು, ಟೇಬಲ್ ಒರೆಸಿ, ಕಾಫಿ ಕೌಂಟರಿಗೆ ನಿಂತು, ಕೊನೆಗೆ ಗಲ್ಲಾಕ್ಕೆ ಏರಿದವನು. ಒಬ್ಬ ಗಿರಾಕಿಯ ಮೇಲೂ ಅವನು ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ಇಷ್ಟು ತಾಳ್ಮೆಯವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಾನು ಧಾರವಾಡದವನು, ದಾದರಿನ ಒಂದು ಕಚೇರಿಯ ಕಂಪ್ಯೂಟರ್ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು, ಎಲ್ಲರ ಜೊತೆ ಜಗಳಾಡಿಯೇ ರಿಟೈರಾದವನು. ಈಗ ದಿನಾ ಬೆಳಿಗ್ಗೆ ಆಂಟಾಪ್ ಹಿಲ್‌ನಿಂದ ನಡೆದು ಬಂದು, ಶಟರ್ ಏಳುವ ಹೊತ್ತಿಗೆ ಅಲ್ಲಿರುತ್ತೇನೆ.

ಆ ಹೋಟೆಲಿನಲ್ಲಿ ಒಲೆ ಹಚ್ಚುವ ಮುಂಚೆ ದೇವರಿಗೆ ಅಗರಬತ್ತಿ, ಆಮೇಲೆ ಗಲ್ಲಾಕ್ಕೆ. ಮರದ ಗಲ್ಲಾ ಹೋಗಿ ಕಂಪ್ಯೂಟರ್ ಬಂದ ಮೇಲೆ ಆ ಹೊಗೆ ಕಂಪ್ಯೂಟರಿಗೇ ಸಲ್ಲುತ್ತದೆ. ಅದೋ ವಿಂಡೋಸ್ ತೊಂಬತ್ತೆಂಟರ ಮುದಿ ಯಂತ್ರ. ಬಿಲ್ಲಿನ ಪ್ರೋಗ್ರಾಂ ಬೇರೆಯದರಲ್ಲಿ ನಡೆಯುವುದಿಲ್ಲವೆಂದು ಅದನ್ನೇ ಉಳಿಸಿಕೊಂಡಿದ್ದರು. ಅದನ್ನು ಶುರು ಮಾಡಿದೊಡನೆ ಎಲ್ಲಕ್ಕೂ ಮೊದಲು ಒಂದು ವಿಂಡೋ ತಾನಾಗಿ ತೆರೆದುಕೊಳ್ಳುತ್ತಿತ್ತು. ಅದರಲ್ಲಿ ಹಳೆಯ ಧಣಿ ಈಶ್ವರ ಶೆಟ್ಟರ ಫೋಟೋ, ಹಾರ ಸಮೇತ. ಶೆಟ್ಟರು ತೀರಿಕೊಂಡ ವರ್ಷ ಕಂಪ್ಯೂಟರ್ ರಿಪೇರಿಯವನು ತನ್ನ ಕಡೆಯ ಮರ್ಯಾದೆಯೆಂದು ಸೇರಿಸಿಹೋದದ್ದು. ಹನ್ನೊಂದು ವರ್ಷ ಧರ್ಮಣ್ಣ ದಿನಾ ಆ ಮುಖಕ್ಕೆ ಮೂರು ಸುತ್ತು ಅಗರಬತ್ತಿ ಬೆಳಗಿ, ಕೈಮುಗಿದು, ಆಮೇಲೆ ವಿಂಡೋ ಮುಚ್ಚುತ್ತಿದ್ದ.

ಒಂದು ಬೆಳಿಗ್ಗೆ ನನಗೆ ತಡೆಯಲಾಗಲಿಲ್ಲ. “ಶೆಟ್ಟರ ಮ್ಯಾಲೆ ಭಾಳ ಭಕ್ತಿ ಐತೇನ್ರಿ ನಿಮಗ?” ಎಂದು ಕೆಣಕಿದೆ.

ಧರ್ಮಣ್ಣ ಅಡುಗೆಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

“ಇಪ್ಪತ್ತು ವರ್ಷ ಆಯ್ತು ಸರ್. ಗಣಪತಿ ಹಬ್ಬದ ಎರಡನೇ ದಿನ ನನ್ನ ಅಮ್ಮ ಹೋದ್ರು ಅಂತ ಊರಿಂದ ಹೋಟೆಲಿನ ಫೋನಿಗೇ ಕಾಲ್ ಬಂದದ್ದು. ಎತ್ತಿದ್ದು ಧಣಿಗಳು. ನನಗೆ ಹೇಳಲಿಲ್ಲ. ರಶ್ ಇತ್ತಲ್ಲ, ಗಲ್ಲಾಕ್ಕೆ ಬೇರೆ ಜನ ಇಲ್ಲ. ವಿಸರ್ಜನೆ ಮುಗಿದ ಮೇಲೆ ಕರೆದು, ಬೊಜ್ಜಕ್ಕೆ ಹೋಗಿ ಬಾ ಮಾರಾಯ ಅಂದ್ರು.”

ಬೊಜ್ಜವೆಂದರೆ ಅವರಲ್ಲಿ ಸತ್ತವರ ಕೊನೆಯ ಕಾರ್ಯ, ಊಟ. ಇದ್ದ ಒಬ್ಬ ಮಗ ಇವನು, ಚಿತೆಗೆ ಬೆಂಕಿ ಕೊಡಬೇಕಿತ್ತು. ನೆರೆಮನೆಯವರು ಯಾರೋ ಕೊಟ್ಟಿದ್ದರು. ಇವನು ಊರು ಮುಟ್ಟುವಾಗ ಊಟಕ್ಕೆ ಎಲೆ ಹಾಕುತ್ತಿದ್ದರಂತೆ.

“ಮತ್ತ ಯಾಕ ಕೈ ಮುಗೀತೀರಿ?”

“ಈಗಿನ ಧಣಿ ಪ್ರೀತಮ್ ಅವರ ಅಪ್ಪ ಅಲ್ವಾ ಸರ್. ಮುಗಿಯದಿದ್ರೆ ಅವರು ಏನು ತಿಳ್ಕೊಳ್ತಾರೆ? ಇದನ್ನ ತೆಗೀಲಿಕ್ಕೂ ನೋಡಿದ್ದೇನೆ, ಎಲ್ಲಿಂದ ಬರ್ತದೆ ಅಂತಲೇ ಸಿಗುವುದಿಲ್ಲ. ಒಂದು ದಿನ ಆದ್ರೂ ಈ ಮುಖ ನೋಡದೆ ಗಲ್ಲಾಕ್ಕೆ ಕೂರಬೇಕು ಅಂತ ನನಗೆ.”

ನನಗೆ ರೇಗಿತು, ಸತ್ತ ಶೆಟ್ಟರ ಮೇಲೂ, ಬದುಕಿರುವ ಇವನ ಮೇಲೂ. ಎದ್ದು ಗಲ್ಲಾದೊಳಗೆ ನುಗ್ಗಿದೆ. ಸ್ಟಾರ್ಟಪ್ ಫೋಲ್ಡರ್ ಖಾಲಿಯಿತ್ತು. ಎಲ್ಲರೂ ಹುಡುಕಿ ಕೈಬಿಡುವುದು ಅಲ್ಲೇ. ನಾನು ವಿನ್ ಡಾಟ್ ಐಎನ್‌ಐ ಎಂಬ ಫೈಲು ತೆರೆದೆ. ಯಂತ್ರ ಏಳುವಾಗ ಏನೇನು ಮಾಡಬೇಕೆಂದು ಓದಿಕೊಳ್ಳುವ ಚೀಟಿ ಅದು. ಮೇಲಿನ ಸಾಲುಗಳಲ್ಲೇ ಸಿಕ್ಕಿತು: ‘ರನ್’ ಎಂಬ ಪದ, ಅದರ ಮುಂದೆ ಶೆಟ್ಟರ ಫೋಟೋ ಇದ್ದ ಜಾಗ.

“ಅಳಸೂದು ಬ್ಯಾಡ. ಸಾಲಿನ ಮೊದಲಿಗೆ ಒಂದು ಸೆಮಿಕೋಲನ್ ಹಾಕ್ರಿ. ಸಾಲು ಇರತೈತಿ, ಮಶೀನು ಓದೂದಿಲ್ಲ. ಪ್ರೀತಮ್ ಕೇಳಿದ್ರ ಮತ್ತ ತರಬಹುದು,” ಎಂದೆ. ಆ ಕೀಲಿಯನ್ನು ಅವನೇ ಒತ್ತಬೇಕೆಂದು ಹಠ ಹಿಡಿದೆ. ಅವನು ಅಡುಗೆಮನೆಯ ಕಡೆ ಮತ್ತೊಮ್ಮೆ ನೋಡಿ ಒತ್ತಿದ. ಸೇವ್ ಮಾಡಿ, ಯಂತ್ರ ಆರಿಸಿ ಮತ್ತೆ ಹಚ್ಚಿದೆವು. ಶೆಟ್ಟರು ಬರಲಿಲ್ಲ. ಬರೀ ಹಸಿರು ಪರದೆ.

ಆಮೇಲೆ ಅವನಿಗೆ ಭಯ ಹತ್ತಿತು. ಚಿಲ್ಲರೆ ಕೊಡುತ್ತಲೇ ಬಾಗಿಲ ಕಡೆ ನೋಡುತ್ತಿದ್ದ. ಮಾಡಿಸಿದವನು ನಾನೇ ಆದ್ದರಿಂದ ಎರಡು ಕಾಫಿ ಹೆಚ್ಚು ಕುಡಿದು ಕಾದೆ. ಹತ್ತಕ್ಕೆ ಶೆಟ್ಟರ ಮಗ ಪ್ರೀತಮ್ ಬಂದು ಗಲ್ಲಾದ ಪಕ್ಕ ನಿಂತ. ಅದೇ ಹೊತ್ತಿಗೆ ಕರೆಂಟು ಹೋಗಿ ಬರಬೇಕೇ. ಧರ್ಮಣ್ಣ ಕಂಪ್ಯೂಟರ್ ಮತ್ತೆ ಶುರು ಮಾಡಿದ, ಅವನೆದುರಿಗೇ.

“ಅರೇ, ಪಪ್ಪಾ ಕಾ ಫೋಟೋ ಗಯಾ? ಎಲ್ಲಿ ಹೋಯ್ತು?” ಎಂದ ಪ್ರೀತಮ್.

ಧರ್ಮಣ್ಣನ ಮುಖ ಬಿಳಿಚಿಕೊಂಡಿತು. ಅವನ ಕೆಲಸ ಹೋಯಿತೆಂದೇ ನಾನೂ ಅಂದುಕೊಂಡೆ.

“ಒಳ್ಳೇದಾಯ್ತು ಧರ್ಮಣ್ಣ. ನನಗೆ ಯಾವಾಗಿಂದಲೋ ಅದು ಬೇಡ ಇತ್ತು. ರಿಪೇರಿಯವನು ದೋ ಬಾರ್ ಕೇಳಿದ, ತೆಗೀಲಾ ಅಂತ. ನಾನೇ ಬೇಡ ಹೇಳಿದೆ. ನೀವು ರೋಜ್ ಅಗರಬತ್ತಿ ಮಾಡ್ತೀರಲ್ಲ, ನಿಮಗೆ ಬುರಾ ಲಗೇಗಾ, ಬೇಜಾರಾಗ್ತದೆ ಅಂತ ಬಿಟ್ಟೆ.” ಇಷ್ಟು ಹೇಳಿ ಮೊಬೈಲು ಕಿವಿಗಿಟ್ಟುಕೊಂಡು ಒಳಗೆ ಹೋದ.

ನಾನು ನಕ್ಕುಬಿಟ್ಟೆ. ನಗಬಾರದಿತ್ತು. ಧರ್ಮಣ್ಣ ನಗಲಿಲ್ಲ. “ಒಂದು ಮಾತು ಕೇಳಬಹುದಿತ್ತು,” ಎಂದ. ಯಾರು ಯಾರನ್ನು ಎಂದು ಹೇಳದೆ ಮುಂದಿನ ಗಿರಾಕಿಯ ಬಿಲ್ಲಿಗೆ ಕೈಹಾಕಿದ.

ಮರುದಿನ ಬೆಳಿಗ್ಗೆ ಎಂದಿನಂತೆ ಶಟರ್ ಎದ್ದಿತು. ದೇವರಿಗೆ ಅಗರಬತ್ತಿಯಾಯಿತು, ಕಂಪ್ಯೂಟರ್ ಶುರುವಾಯಿತು. ಖಾಲಿ ಪರದೆಯ ಮುಂದೆ ಧರ್ಮಣ್ಣನ ಕೈ ಏರಿ ಒಂದು ಸುತ್ತು ಬಂತು, ಎರಡು ಸುತ್ತು ಬಂತು. ಮೂರನೆಯದರ ನಡುವೆ ನನ್ನನ್ನು ಕಂಡು ನಿಲ್ಲಿಸಿದ.

“ಕೈ ತಾನಾಗಿ ಹೋಗ್ತದೆ ಸರ್,” ಎಂದ.

“ಹೋಗ್ಲಿ ಬಿಡ್ರಿ. ಅದೇ ಸಾಲಿನೊಳಗ ನಿಮ್ಮ ಅವ್ವನ ಫೋಟೋ ಹಾಕೋಣು. ನಾಳೆ ತರ್ರಿ,” ಎಂದೆ.

ಅವನು ಅಗರಬತ್ತಿಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಉದುರಿದ ಬೂದಿಯನ್ನು ಅಂಗೈಯಿಂದ ಒರೆಸಿದ.

“ಅಮ್ಮಂದು ಫೋಟೋ ಇಲ್ಲ ಸರ್. ಯಾರೂ ತೆಗೆದಿಲ್ಲ. ಮುಖವೂ ಈಗ ಸರಿ ನೆನಪಾಗುವುದಿಲ್ಲ. ಕಣ್ಣು ಮುಚ್ಚಿದ್ರೆ ಧಣಿಗಳದ್ದೇ ಬರ್ತದೆ.”