ಹೆಂಗಸರ ಕೋಣೆಗೆ ಹೋದ ವೈರು

ಸೋಮನಹಳ್ಳಿಯ ಆ ಗಾರ್ಮೆಂಟ್ಸ್ ಫ್ಯಾಕ್ಟರಿಯ ಮ್ಯಾನೇಜರನಿಗೂ ನನಗೂ ಮೊದಲ ದಿನದಿಂದಲೇ ಆಗಿಬರಲಿಲ್ಲ. ಅಲ್ಲಿನ ನೆಟ್‌ವರ್ಕ್ ನೋಡಿಕೊಳ್ಳುವ ಗುತ್ತಿಗೆ ನನ್ನದು. ಮಂಡ್ಯದ ಗುತ್ತಲಿನ ಮನೆಯಿಂದ ಬಸ್ಸು ಹತ್ತಿ ಹೋದಾಗಲೆಲ್ಲ ಅವನು ಮುಖ ಕೂಡ ಎತ್ತದೆ, "ಬಂದ್ರಾ ಮೇಡಮ್ಮು, ಇವತ್ತೇನ್ ಕಟ್ ಮಾಡ್ತೀರಾ?" ಎನ್ನುತ್ತಿದ್ದ. ಸೂಪರ್‌ವೈಸರುಗಳು ನಗುತ್ತಿದ್ದರು. ನಾನು ನಗುತ್ತಿರಲಿಲ್ಲ.

ಅವನ ಸಿಟ್ಟಿಗೆ ಕಾರಣವಿತ್ತು. ನಾನು ಹಳೆಯದೊಂದು ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಫ್ಯಾಕ್ಟರಿಗೂ ಹೊರಗಿನ ಇಂಟರ್ನೆಟ್ಟಿಗೂ ನಡುವೆ ಕೂರಿಸಿ, ಅದರಲ್ಲಿ ಫೈರ್‌ವಾಲ್ ಕಟ್ಟಿದ್ದೆ. ಹೊರಗಿನಿಂದ ಯಾರನ್ನೂ ಒಳಗೆ ಬಿಡಬೇಡ, ಒಳಗಿನಿಂದ ಹೊರಗೆ ಏನು ಹೋಗುತ್ತದೆಂದು ನನಗೆ ತೋರಿಸು. ನಾನು ಅದಕ್ಕೆ ಹೇಳಿದ್ದು ಇಷ್ಟೇ. ಕೆಲಸದ ಹೊತ್ತಿನಲ್ಲಿ ಅವನು ಕ್ರಿಕೆಟ್ಟು ನೋಡುವುದು ಅದರಲ್ಲಿ ಕಂಡು, ಅದನ್ನೂ ಅಂದೇ ಕಟ್ ಮಾಡಿದೆ.

ಒಂದು ಮಧ್ಯಾಹ್ನ ಹೊರಗೆ ಹೋಗುವುದನ್ನೆಲ್ಲ ಪರದೆಯ ಮೇಲೆ ನೋಡುತ್ತ ಕುಳಿತಿದ್ದಾಗ ಸಾಧನಗಳ ಅಂಕಿಯ ವಿಳಾಸಗಳಲ್ಲಿ ಒಂದು ಮಾತ್ರ ಬಿಡುವಿಲ್ಲದೆ ಓಡುತ್ತಿತ್ತು. ಯಾವುದೋ ಸಾಧನ ರಾಶಿರಾಶಿಯಾಗಿ ಏನನ್ನೋ ಆಚೆಗೆ ಕಳಿಸುತ್ತಿತ್ತು. ಅಷ್ಟೊಂದು ಕಳಿಸುವುದು ಕ್ಯಾಮೆರಾಗಳೇ. ಆದರೆ ಗೇಟು, ಗೋಡೌನು, ಹೊಲಿಗೆ ಹಾಲಿನ ಕ್ಯಾಮೆರಾಗಳ ವಿಳಾಸ ನನಗೆ ಗೊತ್ತಿತ್ತು. ಇದು ಅವುಗಳಲ್ಲಿ ಯಾವುದೂ ಅಲ್ಲ. ಅದು ಯಾವ ವೈರಿನಿಂದ ಬರುತ್ತಿದೆ ಎಂದು ಪತ್ತೆಮಾಡಿ, ಆ ವೈರಿನ ಜಾಡು ಹಿಡಿದು ನಡೆದೆ. ಕಾರಿಡಾರು ದಾಟಿ, ಗೋಡೆಯ ತೂತು ಹೊಕ್ಕು, ಅದು ಹೆಂಗಸರ ಕೋಣೆಯ ಚಾವಣಿಗೆ ಹೋಗಿತ್ತು.

ಮಳವಳ್ಳಿ ಕಡೆಯಿಂದ ವ್ಯಾನಿನಲ್ಲಿ ಬರುವ ಹೊಲಿಗೆಯ ಹೆಂಗಸರು ಬಟ್ಟೆ ಬದಲಾಯಿಸುವುದು ಅಲ್ಲೇ. ಟ್ಯೂಬ್‌ಲೈಟಿನ ಹಿಂದೆ ಬಟನ್ನಿನಷ್ಟು ಕಪ್ಪು ಗಾಜು ಕಂಡಿತು.

ಕಿತ್ತು ಬಿಸಾಡಬೇಕೆನಿಸಿತು. ಆದರೆ ಕಿತ್ತರೆ ನೋಡುವವನು ಎಚ್ಚರವಾಗುತ್ತಾನೆ. ಇಂಟರ್ನೆಟ್ಟು ಕೈಕೊಟ್ಟಿದೆ ಎಂದುಕೊಂಡರೆ ಅವನು ನನ್ನ ಹತ್ತಿರವೇ ಬರಬೇಕು. ವಾಪಸು ಬಂದು ಫೈರ್‌ವಾಲಿಗೆ ಒಂದು ಸಾಲು ಸೇರಿಸಿದೆ: ಈ ವಿಳಾಸದಿಂದ ಆಚೆಗೆ ಏನೂ ಹೋಗಕೂಡದು. ಪರದೆಯ ಮೇಲಿನ ಓಟ ನಿಂತಿತು. ನಿಂತಿದೆಯೆಂದು ಮತ್ತೆ ಮತ್ತೆ ನೋಡಿಕೊಂಡೆ.

ಸಂಜೆ ಶಿಫ್ಟು ಮುಗಿದ ಬೆಲ್ಲು ಹೊಡೆಯಿತು. ಹೆಂಗಸರು ಕೋಣೆಗೆ ಹೋದರು. ಅದರ ಬೆನ್ನಿಗೇ ಮ್ಯಾನೇಜರು ಫೋನು ಹಿಡಿದು ನನ್ನ ಮೇಜಿನ ಬಳಿ ಬಂದ.

"ಏನಮ್ಮ ಮಾಡ್ದೆ? ನನ್ ಫೋನಲ್ಲಿ ಕ್ಯಾಮ್ರಾ ಬತ್ತಾ ಇಲ್ಲ."

"ಗೇಟಿಂದಾ ಸಾರ್?"

"ಅದು ಬತ್ತೈತೆ. ಇನ್ನೊಂದು."

"ಇನ್ನೊಂದು ಅಂದ್ರೆ ಯಾವುದು?"

ಅವನು ಮೇಜಿಗೆ ಕೈಯೂರಿ ಬಾಗಿ, "ಬಟ್ಟೆ ಕದೀತಾರೆ ಕಣಮ್ಮ, ಅದ್ಕೆ ಆಕ್ಸಿರಾದು. ಈಗ ಬುಡ್ತೀಯೋ, ಇಲ್ಲಾ ನಾಳೆಯಿಂದ ಮನೇಲಿ ಕೂತ್ಕತೀಯೋ?" ಎಂದ.

"ಬಿಡಲ್ಲ," ಎಂದು ಎದ್ದೆ. ಅವನು ಬಾಗಿಲಿಗೆ ಅಡ್ಡ ನಿಂತ. "ದಾರಿ ಬಿಡ್ತೀರೋ, ಕೂಗ್ಲೋ?" ಎಂದಾಗ ಸರಿದ.

ನೆಟ್ಟಗೆ ಹೆಂಗಸರ ಕೋಣೆಗೆ ಹೋಗಿ ಆ ಗಾಜನ್ನು ಅವರಿಗೆ ತೋರಿಸಿ, ನೋಡುತ್ತಿದ್ದವನು ಮ್ಯಾನೇಜರೆಂದೆ. ಯಾರೂ ನನ್ನನ್ನು ಹೊಗಳುವುದು ಬೇಕಿರಲಿಲ್ಲ. ಆದರೆ ಬಂದ ಮಾತಿಗೂ ನಾನು ತಯಾರಿರಲಿಲ್ಲ. ಬೆಳಕವಾಡಿಯಿಂದ ಬರುವ ಹಿರಿಯಳೊಬ್ಬಳು ಸ್ಟೂಲು ಹತ್ತಿ ನೋಡಿ, ಇಳಿದು, ನನ್ನೆದುರು ನಿಂತಳು.

"ಕಂಪ್ಯೂಟ್ರು ನಿನ್ ಕೈಲೇ ಅಲ್ವಾ ಇರಾದು? ನಿಂಗೊತ್ತಿಲ್ದೆ ಎಂಗಾಕುದ್ರು?"

"ಇವತ್ತೇ ಗೊತ್ತಾಗಿದ್ದು ಅಕ್ಕ."

"ಎಷ್ಟ್ ದಿನದಿಂದ ನೋಡ್ತಾವ್ನೆ, ಅದೇಳು."

"ಗೊತ್ತಿಲ್ಲ," ಎಂದೆ. ಆ ಕಂಪ್ಯೂಟರು ಆಯಾ ಹೊತ್ತಿನದನ್ನಷ್ಟೇ ತೋರಿಸುತ್ತಿತ್ತು; ಹಿಂದಿನದೇನೂ ಅದರಲ್ಲಿ ಉಳಿಯುತ್ತಿರಲಿಲ್ಲ.

"ಇವ್ಳೂ ನೋಡಿರ್ತಾಳೆ ಬುಡು," ಎಂದಳು ಹಿಂದಿನಿಂದ ಯಾರೋ. ಆ ಮಾತು ಅವನ ಬೆದರಿಕೆಗಿಂತ ಹೆಚ್ಚು ಉರಿಸಿತು. "ನಾನೂ ಇದೇ ಕೋಣೇಲಿ ಸೀರೆ ಉಟ್ಟಿದೀನಿ!" ಎಂದು ಕಿರುಚಿದೆ.

ಅಂದು ಅವರು ವ್ಯಾನು ಹತ್ತಲಿಲ್ಲ. ಅಂಗಳದಲ್ಲಿ ಕುಳಿತುಬಿಟ್ಟರು. ಮಂಡ್ಯದಿಂದ ಮಾಲೀಕರು ಕಾರಿನಲ್ಲಿ ಬಂದರು. ಮ್ಯಾನೇಜರು ನನ್ನತ್ತ ಬೊಟ್ಟು ಮಾಡಿ, "ಕ್ಯಾಮ್ರಾ ಇಡ್ಸಿರಾದು ಇವ್ಳೇ ಸಾರ್," ಎಂದ.

"ಹಾಗಾದ್ರೆ ಅದು ನಿಂತಿದ್ದು ಇವರಿಗೆ ಹೆಂಗೆ ಗೊತ್ತಾಯ್ತು, ಕೇಳಿ ಸಾರ್. ಆ ಫೋನು ತೆಗೆಸಿ," ಎಂದೆ.

ಅವನು ಫೋನನ್ನು ಜೇಬಿಗೆ ತುರುಕಿದ. ಬೆಳಕವಾಡಿಯವಳು ಎದ್ದು ಹೋಗಿ ಅವನ ಜೇಬಿಗೇ ಕೈಹಾಕಿ ಅದನ್ನು ಕಿತ್ತುಕೊಂಡಳು. "ಒಳಗೇ ಮಾತಾಡ್ಕಳಣ," ಎಂದು ಮಾಲೀಕರು ಅಂದದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅದೇ ವ್ಯಾನಿನಲ್ಲಿ ಆ ಫೋನಿನ ಸಮೇತ ಎಲ್ಲರೂ ಮದ್ದೂರಿನ ಪೊಲೀಸ್ ಠಾಣೆಗೆ ಹೋದರು, ನಾನೂ ಹೋದೆ. ನನ್ನ ಪಕ್ಕದ ಸೀಟಿನಲ್ಲಿ ಯಾರೂ ಕೂರಲಿಲ್ಲ.

ಮ್ಯಾನೇಜರು ಜೈಲಿಗೆ ಹೋಗಿ ಜಾಮೀನಿನ ಮೇಲೆ ಹೊರಬಂದ. ಮತ್ತೆ ಆ ಫ್ಯಾಕ್ಟರಿಗೆ ಕಾಲಿಡಲಿಲ್ಲ. ಮಾಲೀಕರು ನನ್ನನ್ನೂ ಕೆಲಸದಿಂದ ಬಿಡಿಸಿದರು. "ಮೊದ್ಲು ನನಗೆ ಹೇಳ್ಬೇಕಿತ್ತು. ಫ್ಯಾಕ್ಟರಿ ಮಾನ ಹೋಯ್ತು," ಎಂದರು. ಹೆಂಗಸರ ಮಾನದ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಪಾಸ್‌ವರ್ಡುಗಳನ್ನೆಲ್ಲ ಹೊಸಬನಿಗೆ ಒಪ್ಪಿಸಿ ಬಂದೆ.

ಕೇಸು ಇನ್ನೂ ನಡೆಯುತ್ತಿದೆ. ಹೋದ ಸಲ ಮದ್ದೂರಿನ ಕೋರ್ಟಿನ ಹೊರಗೆ ಬೆಳಕವಾಡಿಯವಳು ಬೆಂಚಿನ ಮೇಲೆ ಕುಳಿತಿದ್ದಳು. ಬ್ಯಾಗು ಸರಿಸಿ ಜಾಗ ಕೊಟ್ಟಳು. "ನಿನ್ ಮ್ಯಾಲೆ ಕ್ವಾಪ ಓಗಿಲ್ಲ ಕಣಮ್ಮ. ಸಾಕ್ಸಿ ಮಾತ್ರ ಸರಿಯಾಗೇಳು," ಎಂದಳು.

"ಹೇಳ್ತೀನಿ," ಎಂದೆ. ನನಗೂ ಅವಳ ಮೇಲಿನ ಕೋಪ ಹೋಗಿರಲಿಲ್ಲ.